ಒಬ್ಬಳೇ ಒಡತಿ, ಜೋಪಾನದ ಹೆಂಗಸು

ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಹಳೇ ಕಾರುಗಳ ಜಾಹೀರಾತು ಓದುವ ಹುಚ್ಚು ನನಗೂ ಹತ್ತಿತು. ಹತ್ತಿಸಿದವಳು ಸೊಸೆ. ಆ ದೇಶದ ಕಾರು ಮಾರುವವರ ಬಾಯಲ್ಲಿ ಸವೆದುಹೋದ ಮಾತೊಂದಿದೆ: 'ವನ್ ಕೇರ್‌ಫುಲ್ ಲೇಡಿ ಓನರ್'. ಒಬ್ಬಳೇ ಒಡತಿ, ಅದೂ ಜೋಪಾನದ ಹೆಂಗಸು. ಗಾಡಿಯನ್ನು ಯದ್ವಾತದ್ವಾ ಓಡಿಸಿಲ್ಲ, ನಂಬಿ ಕೊಳ್ಳಿ ಎಂದರ್ಥ. ನಮ್ಮ ವಧು-ವರರ ಅಂಕಣದ 'ಗೃಹಕೃತ್ಯದಲ್ಲಿ ನಿಪುಣೆ' ನೆನಪಾಗಿ ನಗು ಬಂತು.

ಸೊಸೆಗೆ ಬೇಕಾಗಿದ್ದದ್ದು ಎಂಜಿಬಿ. ಆಕ್ಸ್‌ಫರ್ಡಿನ ಹತ್ತಿರದ ಅಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ, ಮಾಡು ಮಡಚುವ ಪುಟ್ಟ ಕಾರು. ಐದು ಲಕ್ಷಕ್ಕೂ ಹೆಚ್ಚು ಮಾಡಿದರಂತೆ. 1974ರ ಕೊನೆಯಲ್ಲಿ ಅಮೆರಿಕದ ಕಾನೂನಿಗೆ ತಲೆಬಾಗಿ ಅದರ ಮೂತಿಗೆ ದಪ್ಪ ಕಪ್ಪು ರಬ್ಬರಿನ ಬಂಪರ್ ಹಾಕಿದರು. ನಾವು ನೋಡಲು ಹೋದ ಗಾಡಿ ಅಂಥದ್ದೇ. ಮಾರುವವನು ಆ ರಬ್ಬರು ಕಿತ್ತು ಹಳೇ ಮಾದರಿಯ ಕ್ರೋಮ್ ಕೂರಿಸಿದ್ದ, ಐದು ಗೇರಿನ ಪೆಟ್ಟಿಗೆ ಹಾಕಿಸಿದ್ದ, ಸೀಟುಗಳಿಗೆ ಹೊಸ ಚರ್ಮ ಹೊಲಿಸಿದ್ದ. ಅಸಲು ರೂಪ ಕೆಟ್ಟಿತು ಎಂದು ಮೂಗು ಮುರಿಯುವವರು ಬಹಳ. ನನಗೇನೋ ಚೆನ್ನಾಗಿಯೇ ಕಂಡಿತು.

ದುಡ್ಡು ಸೊಸೆಯದು, ಆಸೆ ಸೊಸೆಯದು, ಫೋನು ಮಾಡಿದವಳೂ ಅವಳೇ. ಆ ಮನುಷ್ಯ ಮಾತ್ರ ಮೊದಲಿನಿಂದ ಕೊನೆಯವರೆಗೆ ನನ್ನ ಮಗನ ಮುಖ ನೋಡಿಕೊಂಡೇ ಮಾತಾಡಿದ. ಎಂಜಿನ್ನಿನ ವಿಷಯ ಅವನಿಗೆ, ಬಣ್ಣದ ವಿಷಯ ಇವಳಿಗೆ! ಅಲ್ಲಾ, ನಾನು ಕೇಳುವುದಿಷ್ಟೆ: ಗಾಡಿ ಬಿಟ್ಟುಕೊಟ್ಟು ಹೋದ ಹೆಂಗಸಿನಿಂದ ಬೆಲೆ ಏರುತ್ತದೆ, ಕೊಳ್ಳಲು ಬಂದ ಹೆಂಗಸು ಕಣ್ಣಿಗೇ ಬೀಳುವುದಿಲ್ಲ ಎಂದರೆ ಇದೆಂಥ ನ್ಯಾಯ?

ಸೀಟಿನ ಹೊಲಿಗೆಯನ್ನು ಅವನು ಹೊಗಳಿದ್ದೇ ಹೊಗಳಿದ್ದು. ಹೊಲಿದ ಕೈ ಯಾರದೋ, ಅವನು ಹೇಳಲಿಲ್ಲ. ಅದೇ ದೇಶದ ಡ್ಯಾಗನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುತ್ತಿದ್ದ 187 ಹೆಂಗಸರು 1968ರಲ್ಲಿ ಯಂತ್ರ ನಿಲ್ಲಿಸಿ ಹೊರಗೆ ಬಂದಿದ್ದರು. ನಿಮ್ಮದು ಕುಶಲ ಕೆಲಸವಲ್ಲ ಎಂದು ಅವರನ್ನು ಕೆಳದರ್ಜೆಯಲ್ಲಿ ಕೂರಿಸಿದ್ದರು. ಸೀಟಿಲ್ಲದೆ ಕಾರು ಹೊರಡುವುದಿಲ್ಲವಲ್ಲ, ಇಡೀ ಕಾರ್ಖಾನೆಯೇ ನಿಂತಿತು. ಸಮಾನ ವೇತನದ ಕಾನೂನು 1970ರಲ್ಲಿ ಬಂತು. ಆದರೆ ಹೊಲಿಗೆಯೂ ಕುಶಲ ಕೆಲಸವೆಂದು ಆ ಕಂಪನಿ ಒಪ್ಪುವುದಕ್ಕೆ 1984ರ ಇನ್ನೊಂದು ಮುಷ್ಕರ ಬೇಕಾಯಿತು. ಹದಿನಾರು ವರ್ಷ! ನಾವು ರವಿಕೆ ಹೊಲಿಸಿ 'ಏನು ಮಹಾ, ಎರಡು ಗೆರೆ ಹೊಲಿಗೆ' ಎಂದು ಚೌಕಾಸಿ ಮಾಡುವುದೂ ಆಗ ನೆನಪಾಯಿತು, ಸುಳ್ಳು ಯಾಕೆ ಹೇಳಲಿ.

ಮಗನದೂ ಒಂದು ತಕರಾರಿತ್ತು. "ಎರಡೇ ಸೀಟು, ಏನು ಉಪಯೋಗ ಅಮ್ಮಾ?" ಅವನ ಬೀರುವಿನಲ್ಲಿ ನಾಲ್ಕು ಕ್ಯಾಮೆರಾಗಳಿವೆ. ಅದು ಹವ್ಯಾಸ, ಇವಳದು ದುಂದು. ಉಪಯೋಗವಿಲ್ಲದ್ದನ್ನು ಸುಮ್ಮನೆ ಇಷ್ಟಪಡುವ ಸ್ವಾತಂತ್ರ್ಯ ಗಂಡಸರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಾವು ಸೀರೆ ಕೊಂಡರೂ ಮದುವೆಯ ನೆಪ ಹೇಳಬೇಕು.

ನಲವತ್ತು ವರ್ಷ ದಾಟಿದ ಕಾರಿಗೆ, ತೀರಾ ಮಾರ್ಪಡಿಸದಿದ್ದರೆ, ಅಲ್ಲಿ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅವನು ಅದನ್ನೇ ಹಿಗ್ಗಿನಿಂದ ಹೇಳುತ್ತಿದ್ದ. ಕೊಳ್ಳುವವರ ಕಣ್ಣೇ ಪರೀಕ್ಷೆ ಎಂದಾಯಿತು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ಉದ್ದನೆಯ ತಗಡಿನ ಪೆಟ್ಟಿಗೆಗಳೇ ಭಾರ ಹೊರುವುದು, ತುಕ್ಕು ಹಿಡಿಯುವುದೂ ಅಲ್ಲೇ. ಸೊಸೆ ಚೀಲದಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ತೆಗೆದು ನೆಲಕ್ಕೆ ಮಂಡಿಯೂರಿದಳು. ಎಡಗಡೆ ಉದ್ದಕ್ಕೂ ಅಂಟಿತು. ಬಲಗಡೆ ಹಿಂದಿನ ಚಕ್ರದ ಹತ್ತಿರ ಒಂದು ಗೇಣು ಜಾಗದಲ್ಲಿ ಜಾರಿ ಬಿತ್ತು. ಇನ್ನೊಮ್ಮೆ ಇಟ್ಟಳು, ಮತ್ತೆ ಬಿತ್ತು. ಬಣ್ಣದ ಕೆಳಗೆ ತಗಡಲ್ಲ, ಬರೀ ಲಪ್ಪ.

"ಅತ್ತೆ, ಇದನ್ನು ಸ್ವಲ್ಪ ಹಿಡ್ಕೊಳ್ಳಿ" ಎಂದು ಆಯಸ್ಕಾಂತವನ್ನು ನನ್ನ ಕೈಗಿಟ್ಟು, ಮೊಣಕಾಲಿನ ಧೂಳು ಕೊಡವಿಕೊಂಡು, ಬೆಲೆ ಎಷ್ಟೆಂದಿರಿ ಎಂದು ಕೇಳಿದಳು. ಆಗ ಅವನು ಮೊದಲ ಸಲ ಅವಳ ಕಡೆ ತಿರುಗಿದ.