ಸೋರದಿದ್ದರೆ ಅದು ಜೀಪೇ ಅಲ್ಲವಂತೆ!

"ಜೀಪು ಅಂದ್ಮೇಲೆ ಎಣ್ಣೆ ಸೋರ್ಲೇಬೇಕು ಮಾರಾಯ್ರೆ. ಸೋರ್ತಾ ಇಲ್ಲ ಅಂದ್ರೆ ಒಳಗೆ ಎಣ್ಣೆಯೇ ಇಲ್ಲ ಅಂತ ಅರ್ಥ!"

ಮಲೆನಾಡಿನಲ್ಲಿ ಜೀಪು ಇಟ್ಟುಕೊಂಡವರು ಈ ಜೋಕು ಕೇಳಿಯೇ ಇರುತ್ತೀರಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ... ಯಾವ ಊರಿನ ಗ್ಯಾರೇಜಿನ ಮುಂದೆ ನಿಂತರೂ ಒಬ್ಬರಾದರೂ ಇದನ್ನು ಹೇಳುತ್ತಾರೆ, ಉಳಿದವರು ನಗುತ್ತಾರೆ. ನಗಲಿ ಬಿಡಿ. ಆದರೆ ಇದು ಜೋಕಾಗಿ ಉಳಿಯದೆ ಶಾಸ್ತ್ರವೇ ಆಗಿಬಿಟ್ಟಿದೆ ನೋಡಿ, ಅಲ್ಲಿಗೆ ನನ್ನ ತಕರಾರು. ಸೋರುವುದು ಜೀಪಿನ ಜಾತಿಗುಣ ಅಲ್ಲ ಸ್ವಾಮಿ. ಅದು ಜೀಪಿನ ಯಜಮಾನನ ಗುಣ!

ಎಣ್ಣೆ ಸುಮ್ಮನೆ ಹೊರಗೆ ಬರುವುದಿಲ್ಲ. ಒಂದೋ ಆಯಿಲ್ ಸೀಲ್ ಗಟ್ಟಿಯಾಗಿ ಸವೆದಿರುತ್ತದೆ, ಇಲ್ಲಾ ಪ್ಯಾಕಿಂಗ್ ಹೋಗಿರುತ್ತದೆ, ಇಲ್ಲಾ ಒಳಗಿನಿಂದ ಗಾಳಿ ಅದನ್ನು ಹೊರಗೆ ದೂಡುತ್ತಿರುತ್ತದೆ. ಈ ಮೂರನೆಯದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಆಕ್ಸಲ್ ಹೌಸಿಂಗ್ ಮೇಲೆ ಬೆರಳ ತುದಿಯಷ್ಟು ದೊಡ್ಡ ಒಂದು ಬ್ರೀದರ್ ಇರುತ್ತದೆ. ಗಾಡಿ ಓಡಿ ಒಳಗಿನ ಎಣ್ಣೆ ಬಿಸಿಯಾದಾಗ ಹಿಗ್ಗಿದ ಗಾಳಿ ಹೊರಗೆ ಹೋಗುವ ದಾರಿ ಅದು. ಮಳೆಗಾಲದ ಕೆಸರು ಅದರ ಬಾಯಿ ಮುಚ್ಚಿತು ಅಂದುಕೊಳ್ಳಿ. ಗಾಳಿ ಎಲ್ಲಿಗೆ ಹೋಗಬೇಕು? ಸೀಲಿನ ಸಂದಿಯಿಂದ ಎಣ್ಣೆಯನ್ನೇ ದೂಡಿಕೊಂಡು ಬರುತ್ತದೆ. ನಾವು ಹೊಸ ಸೀಲ್ ಹಾಕಿಸುತ್ತೇವೆ, ತಿಂಗಳಲ್ಲಿ ಮತ್ತೆ ಸೋರುತ್ತದೆ, "ಡೂಪ್ಲಿಕೇಟ್ ಸೀಲ್ ಕೊಟ್ಟ ಕಳ್ಳ" ಎಂದು ಅಂಗಡಿಯವನನ್ನು ಬೈಯುತ್ತೇವೆ. ಬ್ರೀದರನ್ನು ಯಾರೂ ನೋಡುವುದಿಲ್ಲ!

ಉಲ್ಟಾನೂ ಆಗುತ್ತದೆ. ಬಿಸಿಯಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಆಮೇಲೆ ಡ್ರೈನ್ ಬೋಲ್ಟ್ ಬಿಚ್ಚಿದರೆ ಬರುವುದು ಎಣ್ಣೆಯಲ್ಲ, ಹಾಲು ಹಾಕಿದ ಕಾಫಿ. ಅದರಲ್ಲೇ ಓಡಿಸಿದರೆ ಬೇರಿಂಗು ಎಷ್ಟು ದಿನ ಬಾಳೀತು? ಬ್ರೀದರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಊದಿ ಹಾಕುವುದು ಹತ್ತೇ ನಿಮಿಷದ ಕೆಲಸ.

ಈಗ ನಗು ನಿಲ್ಲಿಸುವ ವಿಷಯಕ್ಕೆ ಬರುತ್ತೇನೆ.

ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಡ್ರಮ್ಮು ಇರುತ್ತದೆ, ಅದು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ. ಆ ಡ್ರಮ್ಮಿನ ಪಕ್ಕದಲ್ಲೇ ಒಂದು ಆಯಿಲ್ ಸೀಲ್. ಅದು ಸೋರಿದರೆ ಎಣ್ಣೆ ಹೋಗುವುದೆಲ್ಲಿಗೆ? ಸೀದಾ ಹ್ಯಾಂಡ್ ಬ್ರೇಕಿಗೆ! ಎಣ್ಣೆ ಕುಡಿದ ಬ್ರೇಕು ಏನನ್ನು ಹಿಡಿದೀತು?

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಎಲ್ಲರಿಗೂ ಗೊತ್ತು. ಸೀಟಿನ ಕೆಳಗೆ ಒಂದು ಕಲ್ಲು. ಏರಿನಲ್ಲಿ ನಿಲ್ಲಿಸಿದ ಕೂಡಲೇ ಹಿಂದೆ ಕೂತ ಹುಡುಗ ಹಾರಿ ಗಾಲಿಗೆ ಕಲ್ಲು ಕೊಡಬೇಕು. ಒಂದು ದಿನ ಆ ಹುಡುಗ ಅರ್ಧ ನಿಮಿಷ ತಡಮಾಡಿದರೆ? ಹಿಂದಿನ ಸೀಟಿನಲ್ಲಿ ತೋಟದ ಕೆಲಸದ ಹೆಂಗಸರು, ಶಾಲೆಯ ಮಕ್ಕಳು ಕೂತಿರುತ್ತಾರಲ್ಲ, ಅವರಿಗೂ ಈ ಜೋಕು ಹೇಳುತ್ತೀರಾ?

ಹಿಂದಿನ ಆಕ್ಸಲ್ಲಿನ ಕೊನೆಯ ಸೀಲ್ ಹೋದರೂ ಇದೇ ಕತೆ. ಎಣ್ಣೆ ಬ್ರೇಕ್ ಶೂ ಮೇಲೆ ಇಳಿಯುತ್ತದೆ. ಆ ಒಂದು ಚಕ್ರ ಹಿಡಿಯುವುದಿಲ್ಲ. ಘಾಟಿಯಲ್ಲಿ, ಮಳೆಯಲ್ಲಿ, ಲೋಡು ಇದ್ದಾಗ ಅದರ ಅರ್ಥವೇನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

"ಅದಕ್ಕೇ ಅಲ್ವೇನ್ರೀ ಮೆಕ್ಯಾನಿಕ್ ಇರೋದು?" ಅನ್ನುತ್ತೀರಿ. ಇರಲಿ. ಆದರೆ ಗಾಡಿ ರಾತ್ರಿಯಿಡೀ ನಿಲ್ಲುವುದು ನಿಮ್ಮ ಮನೆಯಂಗಳದಲ್ಲಿ, ಮೆಕ್ಯಾನಿಕ್ ಅದನ್ನು ನೋಡುವುದು ಅರ್ಧ ಗಂಟೆ. ಸಂತೆ ದಿನ ತಂದು ನಿಲ್ಲಿಸಿ "ಎಲ್ಲೋ ಸೋರ್ತದೆ, ಸಂಜೆಯೊಳಗೆ ಕೊಡಿ" ಅಂದರೆ ಅವರಾದರೂ ಏನು ಮಾಡಬೇಕು? ಎಣ್ಣೆ ಮಣ್ಣಿನ ಮೇಲೆಯೇ ಒಂದಷ್ಟು ಪೇಸ್ಟ್ ಮೆತ್ತಿ ಕಳಿಸುತ್ತಾರೆ. ರಿಪೇರಿ ಬೇಕಾದರೆ ಅವರು ಮಾಡಲಿ, ಸೋರುವ ಜಾಗ ಹುಡುಕುವುದು ನಮ್ಮದೇ ಕೆಲಸ.

ಹುಡುಕುವುದೇನೂ ಬ್ರಹ್ಮವಿದ್ಯೆ ಅಲ್ಲ. ರಾತ್ರಿ ಗಾಡಿಯಡಿಗೆ ಒಂದು ದೊಡ್ಡ ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಕಪ್ಪಗಿದ್ದರೆ ಇಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂಥ ಗಬ್ಬು ವಾಸನೆ ಬಂದರೆ ಗೇರು ಅಥವಾ ಹೌಸಿಂಗಿನ ಎಣ್ಣೆ. ಕೆಂಪಗೆ ತೆಳ್ಳಗಿದ್ದರೆ ಪವರ್ ಸ್ಟೀರಿಂಗಿನದ್ದು ಇರಬಹುದು. ಚಕ್ರದ ಒಳಬದಿಯಲ್ಲಿ ತೆಳ್ಳಗೆ, ನಸು ಹಳದಿಯಾಗಿ ಒದ್ದೆಯಿದ್ದರೆ ಅದು ಬ್ರೇಕ್ ಫ್ಲೂಯಿಡ್, ಆ ದಿನ ಗಾಡಿ ತೆಗೆಯಲೇಬೇಡಿ. ಆಮೇಲೆ ಅಡಿಭಾಗವನ್ನು ಸೀಮೆಎಣ್ಣೆ ಬ್ರಶ್ಶಿನಿಂದ ತೊಳೆದು, ಒಣಗಿಸಿ, ಅನುಮಾನ ಇದ್ದಲ್ಲಿ ಮುಖದ ಪೌಡರ್ ಉದುರಿಸಿ ನಾಲ್ಕಾರು ಕಿಲೋಮೀಟರ್ ಓಡಿಸಿ ಬನ್ನಿ. ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗವೇ ಕಳ್ಳ. ಎಣ್ಣೆ ಕೆಳಗೆ ಇಳಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ.

ಹೀಗೆ ಸಿಕ್ಕ ಕಳ್ಳರಲ್ಲಿ ಎಷ್ಟೋ ಮಂದಿ ಪುಡಿಗಳ್ಳರು. ಸಡಿಲಾದ ಹೋಸ್ ಕ್ಲಿಪ್ಪು, ಚಪ್ಪಟೆಯಾದ ಡ್ರೈನ್ ಬೋಲ್ಟ್ ವಾಷರು, ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗು. ಕಾರ್ಕನ್ನು ಶಕ್ತಿ ಪ್ರದರ್ಶನ ಮಾಡಿ ಬಿಗಿದರೆ ಅದು ಪಿಚ್ಚೆಂದು ಹೊರಗೆ ಬಂದು ಇನ್ನೂ ಸೋರುತ್ತದೆ, ಸಮವಾಗಿ ಹದವಾಗಿ ಬಿಗಿಯಬೇಕು. ಡೀಸೆಲ್ ಲೈನಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೆ ಕೂರುತ್ತದೆ. ಕಾಯಿಸುವುದು ವಾಷರನ್ನು ಬಿಚ್ಚಿ, ಡೀಸೆಲ್ ಒರೆಸಿ, ಗಾಡಿಯಿಂದ ದೂರದಲ್ಲಿ! ಹೌಸಿಂಗ್ ಎಣ್ಣೆ ಬದಲಿಸುವಾಗ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಕೆಳಗಿಂದ ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದ್ದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ಕೂತಿತು. ಇಳಿಸಿದ ಎಣ್ಣೆಯನ್ನು ಮಾತ್ರ ದಯವಿಟ್ಟು ಹಳ್ಳಕ್ಕೆ ಬಿಡಬೇಡಿ, ಕೆಳಗಿನ ಊರಿನವರೂ ಅದೇ ನೀರು ಕುಡಿಯುವುದು.

ಹಾಗಂತ ಎಲ್ಲವನ್ನೂ ನಾವೇ ಬಿಚ್ಚಬೇಕು ಎಂದು ನಾನು ಹೇಳುತ್ತಿಲ್ಲ. ಬ್ರೇಕಿನ ಪೈಪು, ಸಿಲಿಂಡರು, ಇಂಜಿನ್ನಿನ ಹಿಂದಿನ ಸೀಲು ಗೊತ್ತಿದ್ದವರ ಕೈಗೇ ಹೋಗಲಿ. ಬರೀ ಜಾಕ್ ನಂಬಿ ಗಾಡಿಯಡಿಗೆ ನುಗ್ಗಲೇಬೇಡಿ, ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಶಾಫ್ಟ್ ಹಿಡಿಯುವ ಹ್ಯಾಂಡ್ ಬ್ರೇಕ್ ಇರುವ ಜೀಪಿನ ಒಂದು ಹಿಂದಿನ ಚಕ್ರ ಎತ್ತಿದರೆ ಆ ಬ್ರೇಕು ಇದ್ದೂ ಇಲ್ಲದಂತೆ. ಎತ್ತಿದ ಚಕ್ರ ಉಲ್ಟಾ ತಿರುಗುತ್ತದೆ, ನೆಲದ ಮೇಲಿನದ್ದು ಉರುಳುತ್ತದೆ. ಸಮತಟ್ಟು ಜಾಗ ನೋಡಿ, ಉಳಿದ ಚಕ್ರಗಳಿಗೆ ಮೊದಲು ಕಲ್ಲು ಕೊಡಿ. ನೋಡಿ, ಕಲ್ಲಿಗೂ ಒಂದು ಮರ್ಯಾದೆಯ ಕೆಲಸ ಇದೆ!

"ನಮ್ಮದು ಹೊಸ ಥಾರ್, ಕೈ ಹಾಕಿದ್ರೆ ವಾರಂಟಿ ಹೋಗ್ತದೆ" ಅನ್ನುವವರಿಗೆ: ಕೈ ಹಾಕಬೇಡಿ, ಕಣ್ಣು ಹಾಕಿ. ಬಗ್ಗಿ ನೋಡಿದರೆ ಯಾವ ವಾರಂಟಿಯೂ ಹೋಗುವುದಿಲ್ಲ. ಅದರಡಿಯಲ್ಲೂ ಸೀಲು, ಹೋಸು, ಬ್ರೀದರು ಇದ್ದೇ ಇವೆ.

ಲಕ್ಷಗಟ್ಟಲೆ ಕೊಟ್ಟು ಅಗಲದ ಟಯರು, ಸಾಲು ಸಾಲು ಲೈಟು ಹಾಕಿಸಲು ನಮ್ಮಲ್ಲಿ ದುಡ್ಡಿದೆ. ತಿಂಗಳಿಗೊಮ್ಮೆ ಮಂಡಿಯೂರಿ ಗಾಡಿಯ ಹೊಟ್ಟೆ ನೋಡಲು ಪುರುಸೊತ್ತಿಲ್ಲ. ಮುಂದಿನ ಸಲ ಯಾರಾದರೂ ಆ ಹಳೇ ಜೋಕು ಹೇಳಿದರೆ ನಗುವ ಮೊದಲು ಒಂದೇ ಪ್ರಶ್ನೆ ಕೇಳಿ: "ಎಲ್ಲಿಂದ ಸೋರ್ತಾ ಇದೆ ಅಂತ ನಿಮಗೆ ಗೊತ್ತಾ?"

ಗೊತ್ತಿಲ್ಲ ಅಂದರೆ, ಅವರ ಜೀಪು ಹತ್ತುವ ಮೊದಲು ಇನ್ನೊಂದು ಸಲ ಯೋಚನೆ ಮಾಡಿ. ಏನಂತೀರಿ?