ಪ್ರಶ್ನೆಗೆ ಬರುವ ರೋಗ, ಬಾಗಿಲಿಗೆ ಬರುವ ರೋಗಿ

ಪರೀಕ್ಷೆಯಲ್ಲಿ ಪದೇ ಪದೇ ಕೇಳುವುದು ಒಂದು. ಆಸ್ಪತ್ರೆಯ ಬಾಗಿಲಿಗೆ ಪದೇ ಪದೇ ಬರುವುದು ಇನ್ನೊಂದು. ಇವೆರಡೂ ಒಂದೇ ಎಂದು ನಂಬಿಸಿ ಹಣ ಮಾಡುವವರು ಹುಟ್ಟಿಕೊಂಡಿದ್ದಾರೆ. ಇವೆರಡನ್ನೂ ಒಂದಾಗಿಸಬೇಕಾದವರು ದೆಹಲಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾರೆ.

ರಷ್ಯಾ, ಚೀನಾ, ಫಿಲಿಪ್ಪೀನ್ಸ್ ಮೊದಲಾದ ದೇಶಗಳಲ್ಲಿ ವೈದ್ಯಶಾಸ್ತ್ರ ಓದಿ ಬಂದ ನಮ್ಮ ಹುಡುಗರು ಇಲ್ಲಿ ವೃತ್ತಿ ನಡೆಸಬೇಕಾದರೆ ಒಂದು ಅರ್ಹತಾ ಪರೀಕ್ಷೆ ದಾಟಬೇಕು. 2002ರಿಂದ ಈ ಕಟ್ಟಳೆ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ; 300 ಪ್ರಶ್ನೆ; ಒಂದೊಂದಕ್ಕೆ ನಾಲ್ಕು ಉತ್ತರ, ಒಂದನ್ನು ಆರಿಸಬೇಕು. 150 ಸರಿಯಾದರೆ ಪಾಸು. 2023ರ ಜೂನ್‌ನಲ್ಲಿ ಕುಳಿತವರಲ್ಲಿ ಹತ್ತಕ್ಕೆ ಒಬ್ಬರಷ್ಟೇ ದಾಟಿದರು. ಉಳಿದ ಒಂಬತ್ತು ಮಂದಿ ಕೋಚಿಂಗ್ ಅಂಗಡಿಯ ಬಾಗಿಲಿಗೆ.

ನಮ್ಮ ತಾಲ್ಲೂಕಿನ ರೈತರೊಬ್ಬರು ಎರಡೆಕರೆ ಅಡವಿಟ್ಟು ಮಗನನ್ನು ಓದಿಸಿದ್ದಾರೆ. ಹುಡುಗ ನನ್ನ ಹಳೆಯ ಶಿಷ್ಯ. ಮೊನ್ನೆ ಅವನ ಕೋಣೆಗೆ ಹೋದಾಗ ‘ಖಚಿತವಾಗಿ ಬರುವ ಅಂಶಗಳು’ ಎಂಬ ದಪ್ಪ ಪುಸ್ತಕ ತೋರಿಸಿದ. ಮಂಗನ ಕಾಯಿಲೆ ಹರಡುವ ಉಣುಗಿನ ಹೆಸರೇನು? ಹೀಮಾಫೈಸಾಲಿಸ್ ಸ್ಪಿನಿಜೆರಾ. ಕಣ್ಣು ಮುಚ್ಚಿ ಹೇಳಿದ.

ನಾನು ಕೇಳಿದೆ: “ಸರಿಯಪ್ಪ, ಒಬ್ಬ ಹೆಂಗಸು ಜ್ವರ, ತಲೆನೋವು, ಮೈಕೈ ನೋವು ಅಂತ ಬಂದರೆ ಮೊದಲು ಏನು ವಿಚಾರಿಸ್ತೀಯ?”

“ಅದನ್ನ ಕೇಳೋದಿಲ್ಲ, ಮೇಷ್ಟ್ರೇ.”

“ಯಾರು, ರೋಗಿಯೇ?”

“ಅಲ್ಲ, ಪರೀಕ್ಷೆಯಲ್ಲಿ.”

ತಪ್ಪು ಹುಡುಗನದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗವಿದು. ಆ ಹೆಂಗಸನ್ನು ಕೇಳಬೇಕಾದ್ದು, “ಅಮ್ಮಾ, ತರಗೆಲೆಗೆ ಕಾಡಿಗೆ ಹೋಗಿದ್ದಿರಾ? ಅಲ್ಲೆಲ್ಲಾದರೂ ಮಂಗ ಸತ್ತಿತ್ತೇ?” ಎಂದು. ಆ ಪ್ರಶ್ನೆಗೆ ನಾಲ್ಕು ಉತ್ತರಗಳ ಪಟ್ಟಿ ಇಲ್ಲ.

ಪಟ್ಟಿಯೆಲ್ಲಾ ಕಸವೆಂದು ನಾನು ಹೇಳುವುದಿಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಕುಡಿದವನ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಅಟ್ರೋಪಿನ್ ಕೊಡಬೇಕು. ಇದು ಪಟ್ಟಿಯಲ್ಲಿದೆ, ಇರಲೇಬೇಕು. ಸಾಲದ ಹೊರೆಗೆ ವಿಷ ಕುಡಿದ ರೈತನ ಜೀವ ಆ ಒಂದು ಸಾಲಿನ ಮೇಲೆ ನಿಂತಿದೆ. ಆದರೆ ಸಾಲನ್ನು ಕಲಿಯುವ ರೀತಿ ಎರಡು. ಎದೆನೋವು ಎಡಗೈಗೆ ಇಳಿದರೆ ಹೃದಯಾಘಾತ ಎಂದು ಬಾಯಿಪಾಠ ಮಾಡಿದವನು, ಎದೆನೋವೇ ಇಲ್ಲದೆ ಸುಸ್ತು, ಬೆವರು, ಉಬ್ಬಸವೆಂದು ಬಂದ ಸಕ್ಕರೆ ಕಾಯಿಲೆಯ ಮುದುಕಿಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳುಹಿಸುತ್ತಾನೆ. ಹಾವು ಕಚ್ಚಿದರೆ ಹಲ್ಲಿನ ಗುರುತು, ಬಾವು ಎಂದು ಕಲಿತವನ ಮುಂದೆ ನೆಲದಲ್ಲಿ ಮಲಗಿದ್ದ ಕೂಲಿಯಾಳು ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾನೆ. ಗುರುತಿಲ್ಲ, ಬಾವಿಲ್ಲ, ಕಣ್ಣಿನ ರೆಪ್ಪೆ ಮಾತ್ರ ಜೋಲುತ್ತಿದೆ. ಅದು ಕಟ್ಟುಹಾವಿನ ಕೆಲಸ. ಗುರುತಿಸದೆ ಹೋದರೆ ಉಸಿರೇ ನಿಲ್ಲುತ್ತದೆ.

ಹಾಗಾದರೆ ಈ ಪಟ್ಟಿಗಳು ಎಲ್ಲಿಂದ ಬರುತ್ತವೆ? ಪರೀಕ್ಷಾ ಮಂಡಳಿ ಪ್ರಶ್ನೆಗಳನ್ನು ಪ್ರಕಟಿಸುವುದಿಲ್ಲ. ಹೊರಗೆ ಹೇಳುವುದಿಲ್ಲವೆಂದು ಅಭ್ಯರ್ಥಿಯಿಂದಲೇ ಒಪ್ಪಿಗೆ ಪಡೆಯುತ್ತದೆ. ಆದರೂ ಹುಡುಗರ ನೆನಪಿನಿಂದ ಕಿತ್ತು ತೆಗೆದ ಪ್ರಶ್ನೆಗಳು ಮರುದಿನವೇ ಅಂಗಡಿ ಸೇರುತ್ತವೆ. ಸರಕಾರ ಬೀಗ ಹಾಕುತ್ತದೆ, ವ್ಯಾಪಾರಿ ಬೀಗದ ಕೈ ಮಾರುತ್ತಾನೆ. ದುಡ್ಡಿದ್ದವನಿಗೆ ಬೀಗವೇ ಇಲ್ಲ!

ಭಾಷೆಯ ಅನ್ಯಾಯ ಇನ್ನೊಂದು. ವೈದ್ಯಕೀಯ ಕಾಲೇಜು ಸೇರುವ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಓದು ಮುಗಿಸಿ ಬಂದವನು ಬರೆಯುವ ಈ ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲೇ. ‘ವೈದ್ಯಶಾಸ್ತ್ರ ಕನ್ನಡಕ್ಕೆ ಒಗ್ಗದು’ ಎನ್ನುವ ಮಹನೀಯರೇ, ನಮ್ಮ ಹಳ್ಳಿಯ ರೋಗಿ ತನ್ನ ಸಂಕಟವನ್ನು ಯಾವ ಭಾಷೆಯಲ್ಲಿ ಹೇಳುತ್ತಾನೆ?

ಪರೀಕ್ಷೆ ರದ್ದಾಗಲಿ ಎನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಅರೆಬರೆ ಕಲಿತ ವೈದ್ಯನಿಗೆ ಮೊದಲು ಬಲಿಯಾಗುವವನು ಬಡವ. ಶ್ರೀಮಂತ ಬೇರೆ ಆಸ್ಪತ್ರೆಗೆ ಹೋಗುತ್ತಾನೆ. ಪರೀಕ್ಷೆ ಇರಲಿ, ಬಿಗಿಯಾಗಿಯೇ ಇರಲಿ. ಆದರೆ ಎಲ್ಲರಿಗೂ ಇರಲಿ. ಸ್ವದೇಶದಲ್ಲಿ ಓದಿದವರೂ ಹೊರದೇಶದಲ್ಲಿ ಓದಿದವರೂ ಒಂದೇ ನಿರ್ಗಮನ ಪರೀಕ್ಷೆ ಬರೆಯಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಹೇಳಿತು. 2023ರಲ್ಲಿ ಅದನ್ನು ಮುಂದೂಡಿದರು. ಕೋಟಿ ಸುರಿದು ಖಾಸಗಿ ಕಾಲೇಜಿನಲ್ಲಿ ಓದಿದವನಿಗೆ ಈ ಜರಡಿ ಇಲ್ಲ. ಹೊಲ ಅಡವಿಟ್ಟವನ ಮಗನಿಗೆ ಇದೆ. ಇದು ಯಾವ ನ್ಯಾಯ?

ನಮ್ಮ ಒತ್ತಾಯ ಸ್ಪಷ್ಟ. ಪ್ರತಿ ಪರೀಕ್ಷೆಯ ಪ್ರಶ್ನೆ, ಉತ್ತರ, ಕಾರಣಗಳನ್ನು ಪ್ರಕಟಿಸಲಿ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲಿಸಿ ಕೇಳುವ ಪ್ರಾಯೋಗಿಕ ಭಾಗ ಸೇರಲಿ. ಭಾರತದ ಭಾಷೆಗಳಲ್ಲಿ ಬರೆಯಲು ಅವಕಾಶ ಸಿಗಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯ ವೈದ್ಯರ ಕೈಕೆಳಗೆ ಪುಕ್ಕಟೆ ತರಬೇತಿ ನಡೆಯಲಿ.

ಓದುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ ಹಳೆಯ ಮೇಷ್ಟ್ರ ಒಂದು ಮಾತು. ಪಟ್ಟಿ ಓದಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಸಾಲಿನ ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿ. ಅವನ ಕಸುಬೇನು? ಎಲ್ಲಿ ಮಲಗಿದ್ದ? ಏನು ಕುಡಿದ? ಈ ಲಕ್ಷಣ ಕಾಣದೆಯೂ ರೋಗ ಬರಬಹುದೇ? ತಪ್ಪಾದ ಮೂರು ಉತ್ತರಗಳು ಏಕೆ ತಪ್ಪು? ಹೀಗೆ ಓದಿದವನು ಪರೀಕ್ಷೆಯನ್ನೂ ದಾಟುತ್ತಾನೆ, ರೋಗಿಯನ್ನೂ ದಾಟಿಸುತ್ತಾನೆ.

ಪರೀಕ್ಷೆಯಲ್ಲಿ ತಪ್ಪಿದರೆ ಆರು ತಿಂಗಳಿಗೆ ಇನ್ನೊಂದು ಬರುತ್ತದೆ. ಕಟ್ಟುಹಾವು ಕಚ್ಚಿದ ಕೂಲಿಯಾಳಿಗೆ ಇನ್ನೊಂದು ಬೆಳಗು ಬರುವುದಿಲ್ಲ.