ಕತ್ತೆಮರಿಯ ಕೆಮ್ಮು ಕೇಳುವವರಾರು?

"ಕತ್ತೆ ಹಾಲು" ಅಂತ ಕೂಗುತ್ತ ಬೀದಿಗೆ ಬಂದವನ ಹತ್ತಿರ, ಮಗುವಿನ ಕೆಮ್ಮಿಗೆ ಒಳ್ಳೇದೆಂದು ನಂಬಿ ಒಂದು ಒಳಲೆ ಹಾಲು ಕೊಳ್ಳುವವರು ಇನ್ನೂ ಇದ್ದಾರೆ. ಹಾಲು ಬಿಟ್ಟುಕೊಟ್ಟ ಮರಿಗೇ ಕೆಮ್ಮು ಬಂದರೆ?

ನಗುವ ಮಾತಲ್ಲ. 2008ರ ಜೂನ್‌ನಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡ ಕುದುರೆ ಫ್ಲೂ ಮರುವರ್ಷದ ಹೊತ್ತಿಗೆ ಹಲವು ರಾಜ್ಯ ಸುತ್ತಿತು. 2019ರಲ್ಲಿ ಪಶ್ಚಿಮ ಆಫ್ರಿಕದ ನೈಜರ್, ನೈಜೀರಿಯಾಗಳಲ್ಲಿ ಇದೇ ರೋಗ ಸಾವಿರಾರು ಕತ್ತೆಗಳನ್ನು ನುಂಗಿತು. ಕುದುರೆಗಿಂತ ಕತ್ತೆಗೆ ಇದರ ಪೆಟ್ಟು ಜೋರು. ಎಳೆಯ ಮರಿಗಂತೂ ವೈರಸ್ಸಿನ ಬೆನ್ನಿಗೇ ಬ್ಯಾಕ್ಟೀರಿಯಾ ಹೊಕ್ಕು ನ್ಯುಮೋನಿಯಾ ಆದರೆ ಉಳಿಯುವುದೇ ಕಷ್ಟ.

ವೈರಸ್ಸಿಗೆ ನೇರ ಮದ್ದಿಲ್ಲ. ಬೇರೆ ಕಟ್ಟಬೇಕು, ವಿಶ್ರಾಂತಿ ಕೊಡಬೇಕು. ಒಂದು ದಿನದ ಜ್ವರಕ್ಕೆ ಒಂದು ವಾರ ವಿಶ್ರಾಂತಿ ಎಂಬುದು ಪಶುವೈದ್ಯರ ಲೆಕ್ಕ. ಮೂರು ದಿನ ಜ್ವರ ಬಂದರೆ ಮೂರು ವಾರ ಸಂಪಾದನೆ ಖೋತಾ! ಅಂದಂದಿನ ಗಂಜಿ ಅಂದಂದೇ ದುಡಿಯುವವನು ಅಷ್ಟು ದಿನ ಕಾಯುತ್ತಾನೆಯೇ? ನಾಲ್ಕನೇ ದಿನವೇ ಹೊರಡಿಸುತ್ತಾನೆ. ಕೆಮ್ಮುವ ಮರಿ ಊರೂರಿಗೆ ರೋಗ ಹಂಚುತ್ತದೆ.

ಲಸಿಕೆ ಇದೆ. ರೇಸ್ ಕುದುರೆಗೆ ತಪ್ಪದೆ ಬೀಳುತ್ತದೆ. ಹೊರೆ ಹೊರುವ ಕತ್ತೆಗೆ ಹಾಕಿಸುವವರಾರು? 2012ರ ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಇದ್ದ ಕತ್ತೆಗಳು 2019ಕ್ಕೆ 1.2 ಲಕ್ಷಕ್ಕೆ ಇಳಿದವು. ಕತ್ತೆಯ ಕೆಲಸವನ್ನು ಟೆಂಪೊ ಕಿತ್ತುಕೊಂಡಿತು, ಸರಿ. ಉಳಿದವನ್ನು ನಂಬಿದ ಸಂಸಾರಗಳು ಮಾತ್ರ ಇಲ್ಲೇ ಇವೆ.

ಮೂಗು ಸೋರುವ ಮರಿ ಕಂಡರೆ ಮಾಲೀಕ ಮುಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸಲಿ. ಆದರೆ ಮೂರು ವಾರದ ಗಂಜಿಗೆ ದಾರಿ ತೋರಿಸದೆ "ವಿಶ್ರಾಂತಿ ಕೊಡು" ಅಂದರೆ, ಅದು ಚೀಟಿ ಬರೆದು ಮದ್ದು ಕೊಡದಿದ್ದಂತೆಯೇ ಸೈ.